ಅಡಿಸ್ ಅಬಾಬಾಕ್ಕೆ ಮೊದಲ ಸಲ: ಪದೇ ಪದೇ ಕೇಳುವ ಪ್ರಶ್ನೆಗಳು

ಇಥಿಯೋಪಿಯಾಕ್ಕೆ ಹೋಗಿಬಂದವನು ಅಂತ ಗೊತ್ತಾದ ಮೇಲೆ ಮದುವೆಮನೆಯ ಪಂಕ್ತಿಯಲ್ಲಿ, ಫೋನಿನಲ್ಲಿ, ಕಾಗದದಲ್ಲಿ ಜನ ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ವೀಸಾ ಶುಲ್ಕ, ಹಣದ ವಿನಿಮಯ ದರ ಇಂಥವು ಇವತ್ತಿದ್ದಂತೆ ನಾಳೆ ಇರುವುದಿಲ್ಲವಾದ್ದರಿಂದ ಅವನ್ನು ಬರೆಯಲು ಹೋಗಿಲ್ಲ. ಹೊರಡುವ ವಾರ ನೀವೇ ನೋಡಿಕೊಳ್ಳಿ.

## ಹೊರಡುವ ಮುಂಚೆ

ಆಫ್ರಿಕಾ ಅಂದ್ರೆ ಬೆಂಕಿ ಬಿಸಿಲಲ್ವಾ? ಸ್ವೆಟರ್ ಯಾಕೆ ಹೊತ್ಕೊಂಡು ಹೋಗ್ಬೇಕು?

ನಮ್ಮ ರಾಜ್ಯದಲ್ಲೇ ಎತ್ತರದ ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾ ಊರೇ ಸುಮಾರು 2,350 ಮೀಟರ್ ಎತ್ತರದಲ್ಲಿದೆ. ಊಟಿಗಿಂತಲೂ ಸ್ವಲ್ಪ ಮೇಲೆ. ಹಗಲು ಬಿಸಿಲು ಚುರುಗುಟ್ಟುತ್ತದೆ, ನೆರಳಿಗೆ ಬಂದರೆ ತಣ್ಣಗಾಗುತ್ತದೆ, ನವೆಂಬರ್, ಡಿಸೆಂಬರ್ ರಾತ್ರಿಗಳಲ್ಲಿ ಹತ್ತು ಡಿಗ್ರಿಗಿಂತ ಕೆಳಗಿಳಿಯುವುದು ಮಾಮೂಲು. ಸ್ವೆಟರ್ ಒಂದು, ಕಿವಿ ಮುಚ್ಚುವ ಟೋಪಿ ಒಂದು ಇರಲಿ. ಹೋಟೆಲುಗಳಲ್ಲಿ ಫ್ಯಾನ್ ಕಾಣದಿದ್ದರೆ ಗಾಬರಿ ಬೇಡ, ಅದರ ಅಗತ್ಯ ಬೀಳುವುದಿಲ್ಲ.

ಈ ಎತ್ತರಕ್ಕೆ ಇನ್ನೊಂದು ಗುಣವಿದೆ. ಮೊದಲ ಎರಡು ದಿನ ಎರಡನೇ ಮಹಡಿ ಹತ್ತುವಷ್ಟರಲ್ಲಿ ಏದುಸಿರು ಬರುತ್ತದೆ, ಕೆಲವರಿಗೆ ತಲೆಯೂ ಭಾರ. ನೀರು ಹೆಚ್ಚು ಕುಡಿಯಿರಿ, ಮೊದಲ ದಿನವೇ ಬೆಟ್ಟ ಹತ್ತಬೇಡಿ. ಹೃದಯದ, ಶ್ವಾಸಕೋಶದ ತೊಂದರೆ ಇರುವವರು ಟಿಕೆಟ್ ತೆಗೆಯುವ ಮೊದಲೇ ವೈದ್ಯರನ್ನು ಕೇಳಿ. ಇದೇ ತೆಳುಗಾಳಿಯಲ್ಲಿ ಅಲ್ಲಿಯ ಓಟಗಾರರು ಪಳಗುತ್ತಾರೆ. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಮ್ಯಾರಥಾನ್ ಗೆದ್ದ ಅಬೆಬೆ ಬಿಕಿಲಾ ಈ ನಾಡಿನವರೇ.

ಯಾವ ತಿಂಗಳು ಒಳ್ಳೇದು?

ಅಕ್ಟೋಬರ್‌ನಿಂದ ಫೆಬ್ರವರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವರ ದೊಡ್ಡ ಮಳೆಗಾಲ, ಹೆಸರು ಕಿರೆಮ್ತ್. ಮಲೆನಾಡಿನ ಆಷಾಢದಂತೆ ದಿನವಿಡೀ ಹಿಡಿದು ಹೊಡೆಯುವುದು ಕಡಿಮೆ, ಆದರೆ ಮಧ್ಯಾಹ್ನದ ಮೇಲೆ ಆಲಿಕಲ್ಲಿನ ಸಮೇತ ಸುರಿಯುತ್ತದೆ. ಹಬ್ಬ ನೋಡಬೇಕೆಂದರೆ ಎರಡು ದಿನ ಗುರುತಿಟ್ಟುಕೊಳ್ಳಿ. ಸೆಪ್ಟೆಂಬರ್ 27ರ ಮೆಸ್ಕೆಲ್ ಹಬ್ಬದ ಹಿಂದಿನ ಸಂಜೆ ಮೆಸ್ಕೆಲ್ ಚೌಕದಲ್ಲಿ ದೊಡ್ಡ ಕಟ್ಟಿಗೆಯ ರಾಶಿಗೆ ಬೆಂಕಿ ಇಡುತ್ತಾರೆ, ನಮ್ಮ ಕಾಮದಹನ ನೆನಪಾಗುತ್ತದೆ. ಜನವರಿ 19ರ ತಿಮ್ಕೆತ್‌ನಲ್ಲಿ ಚರ್ಚುಗಳ ಪವಿತ್ರ ಫಲಕಗಳನ್ನು ಬಟ್ಟೆಯಲ್ಲಿ ಸುತ್ತಿ, ಪೂಜಾರಿಗಳು ತಲೆಯ ಮೇಲೆ ಹೊತ್ತು, ಬಣ್ಣದ ಸತ್ತಿಗೆ ಹಿಡಿಸಿಕೊಂಡು ಜಾನ್ ಮೆಡಾ ಬಯಲಿಗೆ ಬರುತ್ತಾರೆ. ತೇರಿನ ಉತ್ಸವಮೂರ್ತಿ ನೋಡಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅವರ ಅಧಿಕ ವರ್ಷ ಬಂದಾಗ ಎರಡೂ ಹಬ್ಬ ಒಂದು ದಿನ ಮುಂದಕ್ಕೆ ಹೋಗುತ್ತವೆ.

ವೀಸಾ ಸಿಗೋದು ಕಷ್ಟವಾ?

ಭಾರತೀಯರಿಗೆ ವೀಸಾ ಬೇಕೇ ಬೇಕು, ಆದರೆ ಅದಕ್ಕಾಗಿ ದೆಹಲಿಗೆ ಓಡಬೇಕಿಲ್ಲ. ಇಥಿಯೋಪಿಯಾ ಸರ್ಕಾರದ ಇ-ವೀಸಾ ತಾಣದಲ್ಲಿ ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. ಅದರಂತೆಯೇ ಕಾಣುವ ದಲ್ಲಾಳಿಗಳ ತಾಣಗಳೂ ಇವೆ, ದುಪ್ಪಟ್ಟು ದುಡ್ಡು ಕೀಳುತ್ತವೆ. ವಿಳಾಸದ ಕೊನೆಯಲ್ಲಿ ಸರ್ಕಾರದ ಗುರುತು ಇದೆಯೇ ನೋಡಿ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಆಯಸ್ಸಿರಬೇಕು. ಇ-ವೀಸಾ ಇರುವುದು ಅಡಿಸ್‌ನ ಬೋಲೆ ವಿಮಾನ ನಿಲ್ದಾಣಕ್ಕೆ ಬಂದಿಳಿಯುವವರಿಗೆ, ಕೆನ್ಯಾ ಗಡಿಯಿಂದ ಬಸ್ಸಲ್ಲಿ ಬರುತ್ತೇನೆ ಎನ್ನುವವರು ಅದನ್ನು ನೆಚ್ಚಬೇಡಿ. ಮಂಜೂರಾದ ಕಾಗದವನ್ನು ಮುದ್ರಿಸಿ ಕೈಯಲ್ಲಿಟ್ಟುಕೊಳ್ಳಿ.

ಹಳದಿ ಜ್ವರದ ಚುಚ್ಚುಮದ್ದು ಹಾಕಿಸ್ಲೇಬೇಕಾ? ಅಲ್ಲಿ ಯಾರೂ ಕೇಳಲ್ವಂತೆ.

ಅಲ್ಲಿ ಕೇಳದೇ ಇರಬಹುದು, ವಾಪಸ್ ಬಂದಾಗ ನಮ್ಮವರೇ ಕೇಳುತ್ತಾರೆ. ಹಳದಿ ಜ್ವರವಿರುವ ದೇಶಗಳ ಪಟ್ಟಿಯಲ್ಲಿ ಇಥಿಯೋಪಿಯಾ ಇದೆ. ಅಲ್ಲಿಂದ ಪ್ರಮಾಣಪತ್ರವಿಲ್ಲದೆ ಭಾರತಕ್ಕೆ ಬಂದಿಳಿದವರನ್ನು ಆರು ದಿನದವರೆಗೆ ಪ್ರತ್ಯೇಕವಾಗಿ ಇರಿಸುವ ನಿಯಮವಿದೆ. ಎಲ್ಲವನ್ನೂ ನೆಟ್ಟಗೆ ಯೋಜಿಸಿದವರೂ ಎಡವುವುದು ಇಲ್ಲೇ.

ಈ ಲಸಿಕೆ ಬೀದಿಕೊನೆಯ ಆಸ್ಪತ್ರೆಯಲ್ಲಿ ಸಿಗುವುದಿಲ್ಲ. ಕೇಂದ್ರ ಸರ್ಕಾರ ಮಾನ್ಯ ಮಾಡಿದ ಕೇಂದ್ರಗಳಲ್ಲಿ ಮಾತ್ರ, ಅದೂ ವಾರದ ಕೆಲವೇ ದಿನ. ಪಾಸ್‌ಪೋರ್ಟ್ ತೋರಿಸಬೇಕು. ಹಾಕಿಸಿದ ಹತ್ತು ದಿನದ ಮೇಲಷ್ಟೇ ಪ್ರಮಾಣಪತ್ರಕ್ಕೆ ಬೆಲೆ. ಆದ್ದರಿಂದ ಹೊರಡುವ ಹಿಂದಿನ ದಿನ ಓಡಿಹೋದರೆ ಪ್ರಯೋಜನವಿಲ್ಲ. ಒಮ್ಮೆ ಹಾಕಿಸಿದರೆ ಜೀವಮಾನಕ್ಕೆ ಸಾಕು, 2016ರಿಂದ ಹಾಗೆ ಆಗಿದೆ. ಮೊಟ್ಟೆ ಒಗ್ಗದವರು, ಗರ್ಭಿಣಿಯರು, ಅರವತ್ತು ದಾಟಿದವರು ಮೊದಲು ವೈದ್ಯರ ಹತ್ತಿರ ಮಾತಾಡಿ. ಮಲೇರಿಯಾ ಬಗ್ಗೆ ಕೇಳುವವರಿಗೆ: ಈ ಎತ್ತರದ ನಗರದೊಳಗೆ ಅದರ ಕಾಟವಿಲ್ಲ. ತಗ್ಗಿನ ಸೀಮೆಗಳಿಗೆ ಇಳಿಯುವವರಿಗೆ ಲೆಕ್ಕ ಬೇರೆ.

ಅಲ್ಲಿ ಯುದ್ಧ ನಡೀತಿದೆಯಲ್ಲ, ಧೈರ್ಯವಾಗಿ ಹೋಗ್ಬಹುದಾ?

ರಾಜಧಾನಿಯನ್ನೂ ದೇಶವನ್ನೂ ಬೇರೆಬೇರೆಯಾಗಿ ನೋಡಬೇಕು. ಉತ್ತರದ ತಿಗ್ರಾಯ್‌ನಲ್ಲಿ 2020ರ ನವೆಂಬರ್‌ನಲ್ಲಿ ಶುರುವಾದ ಯುದ್ಧ 2022ರ ನವೆಂಬರ್‌ನಲ್ಲಿ ಒಪ್ಪಂದದಿಂದ ನಿಂತಿತು. 2023ರಿಂದ ಅಮ್ಹಾರಾ ಪ್ರಾಂತದಲ್ಲಿ ಸೈನ್ಯಕ್ಕೂ ಫಾನೋ ಎಂಬ ಅಲ್ಲಿಯ ಸಶಸ್ತ್ರ ಪಡೆಗಳಿಗೂ ಹೊಡೆದಾಟ ಎದ್ದಿತು. ಒರೋಮಿಯಾದ ಕೆಲವು ಭಾಗಗಳೂ ಶಾಂತವಾಗಿಲ್ಲ. ಅಡಿಸ್ ನಗರ ಇವುಗಳಿಂದ ದೂರ ಉಳಿದುಕೊಂಡು ತನ್ನ ಪಾಡಿಗೆ ನಡೆದಿದೆ. ಆಫ್ರಿಕಾ ಒಕ್ಕೂಟದ ಕೇಂದ್ರ ಕಚೇರಿ ಇಲ್ಲೇ ಇರುವುದರಿಂದ ಕಾವಲೂ ಬಿಗಿ. ನನ್ನ ಅಭಿಪ್ರಾಯ ಕೇಳಿದರೆ: ಮೊದಲ ಭೇಟಿಯಲ್ಲಿ ರಾಜಧಾನಿಯಿಂದಾಚೆಗೆ ರಸ್ತೆಯಲ್ಲಿ ದೂರ ಹೋಗುವ ಯೋಜನೆ ಬೇಡ. ಅಲ್ಲಿಯ ಭಾರತೀಯ ರಾಯಭಾರ ಕಚೇರಿಯ ಸೂಚನೆಗಳನ್ನು ಹೊರಡುವ ಮುಂಚೆ ಓದಿ, ಅದರ ಫೋನ್ ಸಂಖ್ಯೆಯನ್ನು ಕಾಗದದ ಮೇಲೂ ಬರೆದಿಟ್ಟುಕೊಳ್ಳಿ.

ದುಡ್ಡು ಹೇಗೆ ಒಯ್ಯೋದು? ಫೋನ್‌ಪೇ ನಡೆಯುತ್ತಾ?

ನಡೆಯುವುದಿಲ್ಲ. ಅಲ್ಲಿಯ ನಾಣ್ಯ ಬಿರ್. ಇಲ್ಲಿ ಕೊಳ್ಳಲು ಸಿಗುವುದಿಲ್ಲ, ಮಿಕ್ಕಿದ್ದನ್ನು ತಂದರೆ ಇಲ್ಲಿ ಮಾರಲೂ ಆಗುವುದಿಲ್ಲ. ಕಲೆ, ಹರಕು ಇಲ್ಲದ ಡಾಲರ್ ನೋಟುಗಳನ್ನು ಒಯ್ದು ವಿಮಾನ ನಿಲ್ದಾಣದ ಬ್ಯಾಂಕಿನಲ್ಲೇ ಸ್ವಲ್ಪ ಬದಲಿಸಿ, ರಸೀದಿ ಎಸೆಯಬೇಡಿ. ವೀಸಾ ಕಾರ್ಡಿಗೆ ದುಡ್ಡು ಕೊಡುವ ಎಟಿಎಂಗಳು ಸಾಕಷ್ಟಿವೆ. ಊರಿನವರು ಟೆಲಿಬಿರ್ ಎಂಬ ಮೊಬೈಲ್ ಹಣದಲ್ಲಿ ವ್ಯವಹರಿಸುತ್ತಾರೆ, ಎರಡು ಮೂರು ದಿನದ ಅತಿಥಿಗೆ ನಗದೇ ಸಲೀಸು.

"ಬ್ಯಾಂಕಿಗೆ ಹೋಗ್ಬೇಡ, ಅಂಗಡಿಯವರ ಹತ್ತಿರ ಬದಲಿಸಿದ್ರೆ ಡಬಲ್" ಎನ್ನುವ ಹಳಬರ ಸಲಹೆ ಈಗ ಸವಕಲು. 2024ರ ಜುಲೈ ಕೊನೆಯಲ್ಲಿ ಸರ್ಕಾರ ಬಿರ್‌ನ ದರವನ್ನು ಮಾರುಕಟ್ಟೆಗೆ ಬಿಟ್ಟಿತು. ಡಾಲರಿಗೆ ಐವತ್ತೇಳರ ಆಸುಪಾಸಿನಲ್ಲಿದ್ದದ್ದು ಕೆಲವೇ ವಾರಗಳಲ್ಲಿ ನೂರು ದಾಟಿತು. ಅದಕ್ಕೂ ಹಿಂದಿನ ಯಾವ ಖರ್ಚಿನ ಲೆಕ್ಕವನ್ನೂ ನಂಬಬೇಡಿ.

## ಇಳಿದ ಮೇಲೆ

ಕಾರಿನವನು ಬೆಳಿಗ್ಗೆ ಎರಡು ಗಂಟೆಗೆ ಬರ್ತೀನಿ ಅಂದ. ತಮಾಷೆ ಮಾಡ್ತಿದಾನಾ?

ಎಂಟು ಗಂಟೆಗೆ ಬರುತ್ತಾನೆ, ನಿದ್ದೆ ಮಾಡಿ.

ಅವರ ಗಡಿಯಾರ ಸೂರ್ಯೋದಯದಿಂದ ಶುರು. ನಮ್ಮ ಬೆಳಗಿನ ಆರು ಅವರ ಹನ್ನೆರಡು, ನಮ್ಮ ಏಳು ಅವರ ಒಂದು, ನಮ್ಮ ಮಧ್ಯಾಹ್ನದ ಹನ್ನೆರಡು ಅವರ ಆರು. ಸಂಜೆ ಆರಕ್ಕೆ ಮತ್ತೆ ಎಣಿಕೆ ಮೊದಲಿಂದ. ಆರು ಗಂಟೆ ಕೂಡಿಸಿದರೆ ಅಥವಾ ಕಳೆದರೆ ಸರಿಹೋಗುತ್ತದೆ. ವಿಚಿತ್ರ ಎನ್ನುವವರು ಮನೆಯ ಪಂಚಾಂಗ ತೆಗೆದು ನೋಡಲಿ. ಉದಯದಿಂದ ಗಳಿಗೆ ಎಣಿಸುತ್ತಿದ್ದ ನಮ್ಮ ತಾತಂದಿರಿಗೆ ಇದು ಕೂಡಲೇ ಅರ್ಥವಾಗುತ್ತಿತ್ತು. ನಮಗೇ ಮರೆತುಹೋಗಿದೆ. ನಾನೂ ಮೊದಲ ಸಲ "ಮೂರು ಗಂಟೆಗೆ" ಎಂದವರನ್ನು ನೋಡಲು ಮಧ್ಯಾಹ್ನ ಮೂರಕ್ಕೆ ಹೋದೆ. ಅವರು ಒಂಬತ್ತಕ್ಕೆ ಕಾದು ಮನೆಗೆ ಹೋಗಿದ್ದರು.

ವಿಮಾನದ ಟಿಕೆಟ್ಟು, ದೊಡ್ಡ ಹೋಟೆಲುಗಳೆಲ್ಲ ನಮ್ಮ ಬಗೆಯ ಗಂಟೆಯಲ್ಲೇ ಇರುತ್ತವೆ. ಬಾಯಿಮಾತಿನಲ್ಲಿ ಯಾರೇ ಗಂಟೆ ಹೇಳಿದರೂ "ಹಬೆಶಾ ಗಂಟೆಯೋ, ಫರೆಂಜಿ ಗಂಟೆಯೋ" ಎಂದು ಒಂದು ಮಾತು ಕೇಳಿಬಿಡಿ. ಹಬೆಶಾ ಎಂದರೆ ಅಲ್ಲಿಯವರು, ಫರೆಂಜಿ ಎಂದರೆ ಪರದೇಶಿಯವ, ನಮ್ಮ ಫರಂಗಿಯ ಒಡಹುಟ್ಟು. ಭಾರತದ ಸಮಯಕ್ಕಿಂತ ಅವರು ಎರಡೂವರೆ ಗಂಟೆ ಹಿಂದೆ ಎನ್ನುವುದು ಇದರ ಮೇಲಿನ ಲೆಕ್ಕ.

ಊರಲ್ಲಿ ಓಡಾಡೋದು ಹೇಗೆ? ಊಬರ್ ಇದೆಯಾ?

ಊಬರ್ ಇಲ್ಲ, ಅಲ್ಲಿಯದೇ ಆದ ರೈಡ್, ಫೆರೆಸ್ ಎಂಬ ಆ್ಯಪ್‌ಗಳಿವೆ. ಹೊಸಬರಿಗೆ ಇವೇ ಸರಿ, ಚೌಕಾಸಿಯ ತಲೆನೋವಿಲ್ಲ. ಮನೆಸಂಖ್ಯೆ, ಬೀದಿಹೆಸರು ಬಳಕೆಯಲ್ಲಿಲ್ಲದ ಊರಾದ್ದರಿಂದ ಹತ್ತಿರದ ಚರ್ಚು, ರಾಯಭಾರ ಕಚೇರಿ, ಹೋಟೆಲಿನ ಹೆಸರು ಹೇಳಲು ಗೊತ್ತಿರಬೇಕು.

ನೀಲಿ-ಬಿಳಿ ಮಿನಿಬಸ್ಸುಗಳಲ್ಲಿ ಒಮ್ಮೆಯಾದರೂ ಹತ್ತಿ. ಬಾಗಿಲಿಗೆ ಜೋತುಬಿದ್ದು ಊರಿನ ಹೆಸರು ಕೂಗುವ ಹುಡುಗ, ಅವನ ಹೆಸರು ವೊಯಾಲಾ, ನಮ್ಮ ಖಾಸಗಿ ಬಸ್ಸಿನ ಕ್ಲೀನರನ ತದ್ರೂಪು. "ಬೋಲೆ ಬೋಲೆ ಬೋಲೆ", "ಪಿಯಾಸಾ ಪಿಯಾಸಾ" ಎನ್ನುವಾಗಿನ ರಾಗ ಕೂಡ ಅದೇ. 2015ರಲ್ಲಿ ಓಡತೊಡಗಿದ ಲಘು ರೈಲು ಅಗ್ಗ, ಆದರೆ ವಿಪರೀತ ರಶ್ಶು. ಜೇಬಿನ ಮೇಲೆ ಕೈ ಇರಲಿ. ರಸ್ತೆಯಲ್ಲಿ ಹೊಸ ಎಲೆಕ್ಟ್ರಿಕ್ ಕಾರುಗಳು ಇಷ್ಟೊಂದು ಯಾಕೆ ಎಂದು ಅಚ್ಚರಿಪಡುವವರಿಗೆ: 2024ರಲ್ಲಿ ಇಥಿಯೋಪಿಯಾ ಪೆಟ್ರೋಲ್, ಡೀಸೆಲ್ ಕಾರುಗಳ ಆಮದನ್ನೇ ನಿಲ್ಲಿಸಿತು.

ಸಿಮ್ ಕಾರ್ಡ್, ಪ್ಲಗ್ಗು, ನೀರು?

ಸಿಮ್ ವಿಮಾನ ನಿಲ್ದಾಣದಲ್ಲೇ ಸಿಗುತ್ತದೆ, ಇಥಿಯೋ ಟೆಲಿಕಾಂ ಅಥವಾ ಸಫಾರಿಕಾಂ. ಇಂಟರ್ನೆಟ್ಟು ಕೈಕೊಡುವುದುಂಟು, ನಕಾಶೆಯನ್ನು ಮೊದಲೇ ಇಳಿಸಿಕೊಳ್ಳಿ. ನಮ್ಮ ಎರಡು ಕಡ್ಡಿಯ ಚಾರ್ಜರು ಅಲ್ಲಿಯ ಸಾಕೆಟ್ಟಿಗೆ ಕೂರುತ್ತದೆ, ಮೂರು ಕಡ್ಡಿಯದು ಕೂರುವುದಿಲ್ಲ. ನಲ್ಲಿ ನೀರು ಬೇಡ. ಬಾಟಲಿ ನೀರನ್ನು "ಹೈಲ್ಯಾಂಡ್" ಎಂದು ಕೇಳಿ. ಅದು ಒಂದು ಹಳೆಯ ಕಂಪನಿಯ ಹೆಸರು, ಈಗ ಎಲ್ಲ ಬಾಟಲಿಗೂ ಅದೇ. ಸುಮ್ಮನೆ ನೀರು ಎಂದರೆ ಗುಳ್ಳೆ ಬರುವ ಅಂಬೋ ಸೋಡಾ ಬಂದೀತು.

## ಊಟ, ಕಾಫಿ

ನಾವು ಪೂರ್ತಿ ಸಸ್ಯಾಹಾರಿಗಳು. ಉಪವಾಸ ಬೀಳ್ಬೇಕಾಗತ್ತಾ?

ಉಪವಾಸದ ಹೆಸರಲ್ಲೇ ಅಲ್ಲಿ ನಿಮಗೆ ಹಬ್ಬದೂಟ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಪ್ರತಿ ಬುಧವಾರ, ಶುಕ್ರವಾರ ತ್ಸೋಮ್, ಅಂದರೆ ಉಪವಾಸ, ಹಿಡಿಯುತ್ತಾರೆ. ಈಸ್ಟರಿಗೆ ಮುಂಚೆ 55 ದಿನಗಳ ದೀರ್ಘ ವ್ರತ ಬೇರೆ. ಕಟ್ಟುನಿಟ್ಟಿನವರಿಗೆ ವರ್ಷದ ಅರ್ಧಕ್ಕೂ ಹೆಚ್ಚು ದಿನ ವ್ರತವೇ. ಆ ದಿನಗಳಲ್ಲಿ ಮಾಂಸ, ಮೊಟ್ಟೆ, ಹಾಲು, ಬೆಣ್ಣೆ ಯಾವುದೂ ಇಲ್ಲ. ಸಣ್ಣ ಖಾನಾವಳಿಯಲ್ಲೂ ಒಲೆಯ ಮೇಲೆ ಇರುವುದು ಬೇಳೆ, ಸೊಪ್ಪು, ಗೆಡ್ಡೆ ಅಷ್ಟೇ.

ಕೇಳಬೇಕಾದ ಪದ "ಬೆಯಾಯ್ನೆತು". ದೊಡ್ಡ ತಟ್ಟೆಯಗಲದ ಇಂಜೆರಾ ಎಂಬ ಹುಳಿ ರೊಟ್ಟಿಯ ಮೇಲೆ ಎಂಟು ಹತ್ತು ಬಗೆಯ ಪಲ್ಯ, ಗೊಜ್ಜುಗಳನ್ನು ಗುಡ್ಡೆ ಗುಡ್ಡೆಯಾಗಿ ಬಡಿಸಿ ತರುತ್ತಾರೆ. ಮಿಸಿರ್ ವೊತ್ ಎಂದರೆ ಕೆಂಪು ಬೇಳೆಯ ಖಾರದ ಗೊಜ್ಜು, ಕಿಕ್ ಅಲಿಚಾ ಅರಿಶಿನ ಹಾಕಿದ ಸಪ್ಪೆ ತೊವ್ವೆ, ಗೊಮೆನ್ ಸೊಪ್ಪಿನ ಪಲ್ಯ. ಶಿರೋವನ್ನು ಉತ್ತರ ಕರ್ನಾಟಕದವರಿಗೆ ತೋರಿಸಿದರೆ "ಇದು ಝುಣಕ ಅಲ್ಲೇನ್ರಿ" ಎನ್ನುತ್ತಾರೆ, ಸ್ವಲ್ಪ ತೆಳು ಅಷ್ಟೇ. ಖಾರ ಜಾಸ್ತಿ ಅಂತ ಯಾರಾದರೂ ಹೆದರಿಸಿದರೆ ಬ್ಯಾಡಗಿಯವರು ನಗಬಹುದು.

ಎಚ್ಚರಿಕೆ ಎರಡು. ವ್ರತವಿಲ್ಲದ ದಿನ ಶಿರೋಗೆ, ಬೇಳೆಗೆ ಮಸಾಲೆ ತುಪ್ಪ ಬೀಳುತ್ತದೆ, ಕೆಲವೆಡೆ ಮಾಂಸದ ಚೂರೂ ಬೀಳುತ್ತದೆ. "ಯೆತ್ಸೋಮ್" ಎಂದು ಒತ್ತಿ ಹೇಳಿ, "ಸಿಗಾ ಅಲ್ಬೆಲಾಮ್" ಎಂದರೆ ಮಾಂಸ ತಿನ್ನುವುದಿಲ್ಲ ಎಂದು. ಎರಡನೆಯದು, ಈಸ್ಟರ್ ಕಳೆದ ಐವತ್ತು ದಿನ ಬುಧವಾರ, ಶುಕ್ರವಾರದ ವ್ರತವೂ ಇರುವುದಿಲ್ಲ. ಆಗ ಊರೆಲ್ಲ ಮಾಂಸದ ಸಂಭ್ರಮ. ಬೀದಿಬದಿ ಹಸಿಮಾಂಸವನ್ನೇ ಕೊಯ್ದು ತಿನ್ನುವುದು ಕಣ್ಣಿಗೆ ಬೀಳುತ್ತದೆ. ನೋಡಲಾಗದವರು ಆ ಕಾಲ ತಪ್ಪಿಸಿ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರಿಗೆ ಮಾತ್ರ ವರ್ಷವಿಡೀ ಕಷ್ಟ, ಅಂಥವರು ಅವಲಕ್ಕಿ ಒಯ್ಯಲಿ.

ಇಂಜೆರಾ ಅಂದ್ರೆ ನಮ್ಮ ದೋಸೆ ತಾನೆ?

ಕಣ್ಣಿಗೆ ಹೌದು, ನಾಲಿಗೆಗೆ ಅಲ್ಲ. ಟೆಫ್ ಎಂಬ ಧಾನ್ಯ ಗಸಗಸೆಯಷ್ಟು ಸಣ್ಣ. ಅದರ ಹಿಟ್ಟನ್ನು ಎರಡು ಮೂರು ದಿನ ಹುದುಗಿಸಿ, ಎಣ್ಣೆ ತಾಗಿಸದೆ, ಅಗಲ ಹೆಂಚಿನ ಮೇಲೆ ಹುಯ್ದು ಮುಚ್ಚಿ ಬೇಯಿಸುತ್ತಾರೆ. ಮಗುಚಿ ಹಾಕುವುದಿಲ್ಲ. ಮೇಲೆ ಮೂಡುವ ತೂತುಗಳಿಗೆ ಅವರು "ಕಣ್ಣು" ಎನ್ನುತ್ತಾರೆ. ಕಣ್ಣು ಹೆಚ್ಚಿದ್ದಷ್ಟೂ ಮಾಡಿದಾಕೆಗೆ ಹೆಸರು. ಹುಳಿ ಮಾತ್ರ ಜಾಸ್ತಿ, ಮೂರನೇ ದಿನದ ದೋಸೆಹಿಟ್ಟಿನಷ್ಟು. ಮೊದಲ ತುತ್ತಿಗೆ ಮುಖ ಸಿಂಡರಿಸಿದವರು ನಾಲ್ಕನೇ ದಿನ ತಾವೇ ಕೇಳಿ ಹಾಕಿಸಿಕೊಂಡದ್ದನ್ನು ನೋಡಿದ್ದೇನೆ.

ನಮ್ಮ ನಂಟು ಇರುವುದು ದೋಸೆಯಲ್ಲಲ್ಲ, ರಾಗಿಯಲ್ಲಿ. ರಾಗಿಯ ತವರು ಪೂರ್ವ ಆಫ್ರಿಕಾದ ಈ ಎತ್ತರದ ಸೀಮೆ. ಸಾವಿರಾರು ವರ್ಷದ ಹಿಂದೆ ಅಲ್ಲಿಂದ ಸಮುದ್ರ ದಾಟಿ ಬಂದು ನಮ್ಮ ಮುದ್ದೆಯಾಯಿತು. ಅಲ್ಲಿ ಅದರ ಹೆಸರು ದಗುಸಾ. ಹುಚ್ಚೆಳ್ಳಿನ ತವರೂ ಅದೇ, ಅವರು ನೂಗ್ ಎನ್ನುತ್ತಾರೆ. ಮರ್ಕಾಟೋ ಸಂತೆಯಲ್ಲಿ ಹುಚ್ಚೆಳ್ಳಿನ ರಾಶಿ ಕಂಡಾಗ ಯಾವುದೋ ಪರದೇಶಕ್ಕೆ ಬಂದಿದ್ದೇನೆ ಎನ್ನುವುದು ಗಳಿಗೆಯ ಮಟ್ಟಿಗೆ ಮರೆತುಹೋಗುತ್ತದೆ.

ಜೊತೆಗೆ ಕೂತವರು ತುತ್ತು ಮಾಡಿ ನನ್ನ ಬಾಯಿಗೇ ಇಡೋಕೆ ಬಂದ್ರು! ಏನು ಮಾಡ್ಲಿ?

ಬಾಯಿ ತೆರೆಯಿರಿ. ಅದು ಗುರ್ಶಾ, ನಮ್ಮ ಕೈತುತ್ತು. ತುತ್ತು ದೊಡ್ಡದಿದ್ದಷ್ಟೂ ಪ್ರೀತಿ ದೊಡ್ಡದು ಎಂಬ ಭಾವ, ಆದ್ದರಿಂದ ಉಸಿರು ಕಟ್ಟುವಷ್ಟು ತುಂಬುತ್ತಾರೆ. ಒಂದಕ್ಕೇ ನಿಲ್ಲಿಸುವುದು ಚೆನ್ನಲ್ಲವಂತೆ. ಎಲ್ಲರೂ ಒಂದೇ ತಟ್ಟೆಯಲ್ಲಿ, ಬಲಗೈಯಲ್ಲೇ ಉಣ್ಣುವುದು, ಊಟಕ್ಕೆ ಮುಂಚೆ ಕೈತೊಳೆಯಲು ನೀರು ಹಾಕುವುದು ಎಲ್ಲ ಇದೆ. ಎಂಜಲಿನ ಮಡಿ ಇಟ್ಟುಕೊಂಡವರು ಮೊದಲೇ ನಗುತ್ತ ಬೇರೆ ತಟ್ಟೆ ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕಾಫಿ ಕುಡಿಯೋಕೆ ಕರೆದ್ರೆ ಎಷ್ಟು ಹೊತ್ತು ಇಟ್ಕೊಂಡು ಹೋಗ್ಬೇಕು?

ಒಂದೂವರೆ ಗಂಟೆ. ನೆಲಕ್ಕೆ ಹಸಿರು ಹುಲ್ಲು ಹಾಸುತ್ತಾರೆ, ಧೂಪ ಹಾಕುತ್ತಾರೆ, ಹಸಿಬೀಜ ತೊಳೆದು ನಿಮ್ಮೆದುರಿಗೇ ಹುರಿದು, ಹೊಗೆಯೇಳುವ ಬಾಣಲೆಯನ್ನು ಒಬ್ಬೊಬ್ಬರ ಮೂಗಿನ ಹತ್ತಿರ ತಂದು ಹಿಡಿಯುತ್ತಾರೆ. ಕುಟ್ಟಿದ ಪುಡಿಯನ್ನು ಜೆಬೆನಾ ಎಂಬ ಉದ್ದಕತ್ತಿನ ಮಣ್ಣಿನ ಹೂಜಿಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲುಗಳಿಗೆ ಎತ್ತರದಿಂದ ಬಗ್ಗಿಸುವುದು. ಜೊತೆಗೆ ಜೋಳದ ಅರಳು. ಮೊದಲ ಸುತ್ತು ಅಬೋಲ್, ಎರಡನೆಯದು ತೋನಾ, ಮೂರನೆಯದು ಬರಕಾ. ಬರಕಾ ಎಂದರೆ ಆಶೀರ್ವಾದ. ಅದು ಮುಗಿಯದೆ ಎದ್ದರೆ ಮಂಗಳಾರತಿಗೆ ಮುಂಚೆ ಎದ್ದುಹೋದ ಹಾಗೆ.

ಅರೇಬಿಕಾ ಗಿಡ ಹುಟ್ಟಿದ್ದೇ ಇಥಿಯೋಪಿಯಾದ ನೈಋತ್ಯದ ಕಾಡುಗಳಲ್ಲಿ. ಅಲ್ಲಿಂದ ಕೆಂಪು ಸಮುದ್ರ ದಾಟಿ ಯೆಮೆನ್, ಯೆಮೆನ್‌ನಿಂದ ಬಾಬಾ ಬುಡನ್ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂಬುದು ನಾವೆಲ್ಲ ಕೇಳಿದ ಕತೆ. ಹಾಲಿಲ್ಲದ ಕಾಫಿ ಇಳಿಯದಿದ್ದರೆ ಅದಕ್ಕೂ ದಾರಿಯಿದೆ. 1936ರಿಂದ 41ರವರೆಗೆ ಕೂತಿದ್ದ ಇಟಲಿಯವರು ಹೋದರೂ ಅವರ ಮಾಕಿಯಾಟೋ ಉಳಿಯಿತು. 1953ರಿಂದ ಇರುವ ತೊಮೊಕಾ ಎಂಬ ಕಾಫಿ ಅಂಗಡಿಯಲ್ಲಿ ನಿಂತು ಕುಡಿಯುವುದು ರೂಢಿ, ನಮ್ಮ ದರ್ಶಿನಿಯ ಹಾಗೆ. ಚಿಕೋರಿ ಮಾತೆತ್ತಬೇಡಿ.

## ನೋಡುವುದು, ಓಡಾಡುವುದು

ಎರಡೇ ದಿನ ಇದೆ. ಏನೇನು ನೋಡ್ಲಿ?

ಒಂದು ದಿನವನ್ನು ನಾಲ್ಕು ಕಿಲೋ, ಆರು ಕಿಲೋ ಎಂಬ ಚೌಕಗಳ ಸುತ್ತ ಕಳೆಯಿರಿ. ಅವರ ಬಾಯಲ್ಲಿ ಅರಾತ್ ಕಿಲೋ, ಸಿದಿಸ್ತ್ ಕಿಲೋ. ರಾಷ್ಟ್ರೀಯ ವಸ್ತುಸಂಗ್ರಹಾಲಯ, ಕೊನೆಯ ಚಕ್ರವರ್ತಿ ಹೈಲೆ ಸೆಲಾಸಿಯ ಸಮಾಧಿ ಇರುವ ಹೋಲಿ ಟ್ರಿನಿಟಿ ಕೆಥೆಡ್ರಲ್, ವಿಶ್ವವಿದ್ಯಾಲಯದೊಳಗಿನ ಜನಾಂಗ ಸಂಗ್ರಹಾಲಯ ಎಲ್ಲ ಆ ದಾರಿಯಲ್ಲೇ. ಒಂದನ್ನು ಮಾತ್ರ ಆಯ್ದುಕೋ ಎಂದರೆ ನಾನು ಕೊನೆಯದನ್ನು ಆಯ್ದುಕೊಳ್ಳುತ್ತೇನೆ. ಅದು ಚಕ್ರವರ್ತಿಯ ಹಳೆಯ ಅರಮನೆ, ಅವನ ಮಲಗುವ ಕೋಣೆ, ಸ್ನಾನದ ಮನೆ ಹಾಗೇ ಇವೆ. ಹೊರಗೆ ಆಕಾಶಕ್ಕೆ ಸುತ್ತಿಕೊಂಡು ಎಲ್ಲಿಗೂ ಹೋಗದ ಒಂದು ಮೆಟ್ಟಿಲುಸಾಲು. ಮುಸೊಲಿನಿ ಅಧಿಕಾರ ಹಿಡಿದ ಲೆಕ್ಕಕ್ಕೆ ವರ್ಷಕ್ಕೊಂದರಂತೆ ಇಟಲಿಯವರು ಕಟ್ಟಿದ್ದು. ಅವರು ತೊಲಗಿದ ಮೇಲೆ ಇಥಿಯೋಪಿಯಾದವರು ಅದನ್ನು ಒಡೆಯಲಿಲ್ಲ, ತುದಿಯ ಮೆಟ್ಟಿಲ ಮೇಲೆ ತಮ್ಮ ಸಿಂಹವನ್ನು ಕೂರಿಸಿದರು.

ಇನ್ನೊಂದು ದಿನ ಬೆಳಿಗ್ಗೆ ಎಂಟೊಟೊ ಬೆಟ್ಟ. ಚಕ್ರವರ್ತಿ ಎರಡನೇ ಮೆನೆಲಿಕ್ ಮೊದಲು ರಾಜಧಾನಿ ಮಾಡಿಕೊಂಡದ್ದು ಇಲ್ಲಿ. ರಾಣಿ ತೈತು ಕೆಳಗಿನ ಬಿಸಿನೀರ ಬುಗ್ಗೆಯ ಬಯಲನ್ನು ಮೆಚ್ಚಿ ಅಲ್ಲಿ ಮನೆ ಕಟ್ಟಿಸಿದಳು. 1886ರಲ್ಲಿ ಹುಟ್ಟಿದ ಆ ಊರಿಗೆ ಅಡಿಸ್ ಅಬಾಬಾ, ಎಂದರೆ ಹೊಸ ಹೂವು, ಎಂದು ಹೆಸರಿಟ್ಟವಳೂ ಅವಳೇ. ಬೆಟ್ಟವೇರುತ್ತಿದ್ದಂತೆ ಮೂಗಿಗೆ ಬರುವ ವಾಸನೆ ಪರಿಚಿತ: ನೀಲಗಿರಿ ಮರ. ಸೌದೆ ತೀರಿ ರಾಜಧಾನಿಯನ್ನೇ ಎತ್ತಿಕೊಂಡು ಹೋಗಬೇಕೆಂಬ ಮಾತು ಬಂದಾಗ ಮೆನೆಲಿಕ್ ಕಾಲದಲ್ಲಿ ಆಸ್ಟ್ರೇಲಿಯಾದ ಈ ಗಿಡ ತರಿಸಿ ನೆಟ್ಟರು, ಊರು ಉಳಿಯಿತು. ನಮ್ಮಲ್ಲಿ ನೀರು ಹೀರುವ ಮರ ಎಂದು ಬೈಸಿಕೊಳ್ಳುವುದಕ್ಕೆ ಅಲ್ಲಿ ಊರು ಉಳಿಸಿದ ಕೀರ್ತಿ. ಬೆನ್ನುಬಾಗುವಷ್ಟು ಅದರ ಹೊರೆ ಹೊತ್ತು ಇಳಿಯುವ ಹೆಂಗಸರನ್ನು ನೋಡಿದ ಮೇಲೆ ಆ ಕೀರ್ತಿಯ ಭಾರ ಯಾರ ಮೇಲಿದೆ ಎನ್ನುವುದೂ ತಿಳಿಯುತ್ತದೆ.

ಮಧ್ಯಾಹ್ನ ಮೆಸ್ಕೆಲ್ ಚೌಕದ ಪಕ್ಕದ ಕೆಂಪು ಭಯೋತ್ಪಾದನೆಯ ಹುತಾತ್ಮರ ಸಂಗ್ರಹಾಲಯ. 1974ರಿಂದ 91ರವರೆಗೆ ಆಳಿದ ದೆರ್ಗ್ ಸೈನಿಕ ಸರ್ಕಾರ ಕೊಂದವರ ನೆನಪು ಅದು. ಮಕ್ಕಳನ್ನು ಕರೆದೊಯ್ಯುವ ಮುಂಚೆ ಯೋಚಿಸಿ.

ಹಳೆಯ ಪುಸ್ತಕ ಹಿಡಿದು ಪಿಯಾಸಾ ಹುಡುಕುವವರಿಗೆ ಒಂದು ಮಾತು. ಇಟಲಿ ಕಾಲದ ಆ ಬೀದಿಗಳ ಬಹುಪಾಲನ್ನು 2024ರಲ್ಲಿ ರಸ್ತೆ ಅಗಲ ಮಾಡಲು ಕೆಡವಿದರು. ಅದೇ ವರ್ಷ ಅಲ್ಲೇ ಅದ್ವಾ ವಿಜಯ ಸ್ಮಾರಕ ತೆರೆಯಿತು. 1896ರ ಮಾರ್ಚ್ 1ರಂದು ಇಟಲಿಯ ಸೈನ್ಯವನ್ನು ಸೋಲಿಸಿದ ಯುದ್ಧ ಅದು, ಅವರ ಹೆಮ್ಮೆಯ ಬುಡ.

ಲೂಸಿ ನಿಜವಾದ ಮೂಳೇನಾ, ನಕಲಾ?

ಲೂಸಿ ಎಂದರೆ ಮನುಷ್ಯನ ಪೂರ್ವಿಕರ ಬಳಗದ ಒಬ್ಬಳ ಅಸ್ಥಿ. ರಾಷ್ಟ್ರೀಯ ವಸ್ತುಸಂಗ್ರಹಾಲಯದ ಗಾಜಿನೊಳಗೆ ಸಾಮಾನ್ಯವಾಗಿ ಇಡುವುದು ಅಚ್ಚು. 32 ಲಕ್ಷ ವರ್ಷದ ಹಿಂದಿನ ಅಸಲಿ ಮೂಳೆಗಳು ಬೇರೆಡೆ ಭದ್ರವಾಗಿರುತ್ತವೆ. 1974ರಲ್ಲಿ ಹದಾರ್‌ನಲ್ಲಿ ಸಿಕ್ಕಿದ್ದು. ಅಲ್ಲಿಯವರು ಅವಳನ್ನು ಕರೆಯುವುದು ದಿಂಕಿನೆಶ್ ಎಂದು, "ನೀನು ಅದ್ಭುತ" ಎಂಬರ್ಥ. ಆ ಹೆಸರು ಹೇಳಿ ಕೇಳಿದರೆ ಕಾವಲಿನವರ ಮುಖ ಅರಳುತ್ತದೆ.

ಚರ್ಚಿಗೆ ನಾವು ಹೋಗ್ಬಹುದಾ?

ಹೋಗಬಹುದು. ಚಪ್ಪಲಿ ಹೊರಗೆ ಬಿಡಬೇಕು, ಹೆಂಗಸರು ತಲೆಗೆ ಸೆರಗು ಅಥವಾ ಶಾಲು ಹೊದೆಯಬೇಕು, ಗಂಡಸರಿಗೂ ಹೆಂಗಸರಿಗೂ ಬೇರೆಬೇರೆ ಕಡೆ. ಹೊಸ್ತಿಲು ಮುಟ್ಟಿ ಹಣೆಗೊತ್ತಿಕೊಳ್ಳುವವರನ್ನು, ಒಳಗೆ ಬರದೆ ಆವರಣದಲ್ಲೇ ಗೋಡೆಗೆ ಹಣೆ ತಾಗಿಸಿ ನಿಂತವರನ್ನು ನೋಡುತ್ತೀರಿ. ನಡುವಿನ ಗರ್ಭಗುಡಿಗೆ ಪೂಜಾರಿಗಳಿಗೆ ಮಾತ್ರ ಪ್ರವೇಶ.

ಫೋಟೋ ತೆಗೆದ್ರೆ ತೊಂದರೆ ಆಗತ್ತಾ?

ಅರಮನೆ, ಸೈನ್ಯ, ಪೊಲೀಸು, ಸರ್ಕಾರಿ ಕಟ್ಟಡಗಳ ಕಡೆ ಕ್ಯಾಮೆರಾ ತಿರುಗಿಸಬೇಡಿ. ಜನರನ್ನು ಕೇಳಿ ತೆಗೆಯಿರಿ. ಡ್ರೋನ್ ಒಯ್ಯಲೇಬೇಡಿ, ಪರವಾನಗಿ ಇಲ್ಲದಿದ್ದರೆ ಕಸ್ಟಮ್ಸ್‌ನಲ್ಲೇ ಇಟ್ಟುಕೊಳ್ಳುತ್ತಾರೆ.

ಮೋಸ ಹೋಗೋದು ಎಲ್ಲಿ? ಒಂಟಿ ಹೆಂಗಸು ಓಡಾಡ್ಬಹುದಾ?

ಜೇಬುಗಳ್ಳತನ ಮರ್ಕಾಟೋದಲ್ಲಿ, ಪಿಯಾಸಾದಲ್ಲಿ, ಬಸ್ ನಿಲ್ದಾಣಗಳಲ್ಲಿ. ಬಟ್ಟೆ ಮೇಲೆ ಏನೋ ಚೆಲ್ಲಿ "ಅಯ್ಯೋ" ಎಂದು ಒರೆಸಲು ಬರುವವನ ಜೊತೆಗಾರ ಪಕ್ಕದಲ್ಲೇ ಇರುತ್ತಾನೆ. ಇನ್ನೊಂದು ಬಗೆ ನಯವಾದದ್ದು. ಚೆನ್ನಾಗಿ ಇಂಗ್ಲಿಷ್ ಮಾತಾಡುವ "ವಿದ್ಯಾರ್ಥಿ" ಸಿಗುತ್ತಾನೆ, ಇವತ್ತು ವಿಶೇಷ ಹಬ್ಬ ಎನ್ನುತ್ತಾನೆ, ಯಾವುದೋ ಮನೆಗೆ ಕರೆದೊಯ್ದು ಕುಣಿತ ತೋರಿಸಿ, ಜೇನಿನ ಮದ್ಯ ಕುಡಿಸಿ, ಕೊನೆಗೆ ಎದೆ ಒಡೆಯುವಂಥ ಬಿಲ್ಲು ಇಡುತ್ತಾರೆ. ನನ್ನ ಜೊತೆಗಿದ್ದವರೊಬ್ಬರು ಹೀಗೆ ಪೇಚಿಗೆ ಸಿಕ್ಕಿದ್ದರು. ದಾರಿಯಲ್ಲಿ ಸಿಕ್ಕ ಗೆಳೆತನ ದಾರಿಯಲ್ಲೇ ಕಾಫಿ ಕುಡಿಯಲಿ.

ಒಂಟಿ ಹೆಂಗಸರು ಹಗಲು ಆರಾಮಾಗಿ ತಿರುಗುತ್ತಾರೆ. ಕೂಗಿ ಕರೆಯುವುದು, ಹಿಂದೆ ಬರುವುದು ಇಲ್ಲವೆನ್ನಲಾರೆ. ಕತ್ತಲಾದ ಮೇಲೆ ಎರಡು ಹೆಜ್ಜೆಗೂ ಆ್ಯಪ್‌ನ ಕಾರೇ ಸರಿ.

ಮನೆಗೆ ಏನು ತರೋದು?

ಶಿರೋ ಮೆಡಾದಲ್ಲಿ ಕೈಮಗ್ಗದ ನೆತೆಲಾ. ತೆಳ್ಳನೆ ಬಿಳಿ ಹತ್ತಿ ಶಾಲು, ಅಂಚಿಗೆ ಬಣ್ಣ, ಇಳಕಲ್ ಉಟ್ಟವರಿಗೂ ಒಪ್ಪುತ್ತದೆ. ಹುರಿದ ಕಾಫಿ, ಬೆರ್ಬೆರೆ ಖಾರದಪುಡಿ. ಹಳೆಯ ಶಿಲುಬೆ, ಚರ್ಮದ ಹಸ್ತಪ್ರತಿ ಎಂದು ತೋರಿಸುವುದನ್ನು ಕೊಳ್ಳಬೇಡಿ. ನಿಜವಾಗಿ ಹಳೆಯದಾಗಿದ್ದರೆ ದೇಶದಾಚೆ ಒಯ್ಯಲು ಅನುಮತಿ ಬೇಕು, ಹೊಸದಾಗಿದ್ದರೆ ಮೋಸ ಹೋದಿರಿ.

## ಸ್ವಲ್ಪ ಆಳಕ್ಕೆ ಇಳಿಯುವವರು ಕೇಳುವುದು

ಅವರ ವರ್ಷ ನಮಗಿಂತ ಹಿಂದಂತೆ, ಹದಿಮೂರು ತಿಂಗಳಂತೆ?

ಮೂವತ್ತು ದಿನದ ಹನ್ನೆರಡು ತಿಂಗಳು, ಮಿಕ್ಕ ಐದು ಅಥವಾ ಆರು ದಿನಕ್ಕೆ ಪಗುಮೆ ಎಂಬ ಪುಟ್ಟ ತಿಂಗಳು. ಹೊಸ ವರ್ಷ ಸೆಪ್ಟೆಂಬರ್ 11ಕ್ಕೆ, ಮಳೆ ಮುಗಿದು ಬೆಟ್ಟವೆಲ್ಲ ಹಳದಿ ಹೂವಾಗುವ ಹೊತ್ತಿಗೆ. ಎಣಿಕೆ ನಮಗಿಂತ ಏಳು ಎಂಟು ವರ್ಷ ಹಿಂದೆ, 2026ರ ಸೆಪ್ಟೆಂಬರ್‌ನಲ್ಲಿ ಅವರಿಗೆ 2019 ಹುಟ್ಟುತ್ತದೆ. ಅಧಿಕ ಮಾಸ ಕಂಡ ನಮಗೆ ಹದಿಮೂರು ದೊಡ್ಡದೇನಲ್ಲ. ರಸೀದಿಯ ಮೇಲಿನ ತಾರೀಖು ನೋಡಿ ಹಳೆಯದು ಕೊಟ್ಟರೆಂದು ಜಗಳಕ್ಕೆ ಹೋಗಬೇಡಿ.

ಅವರ ಲಿಪಿ ಕಲಿಯೋದು ಕಷ್ಟವಾ?

ಕನ್ನಡ ಬಲ್ಲವರಿಗೆ ಅರ್ಧ ಕೆಲಸ ಮುಗಿದಿದೆ. ಫಿದೆಲ್ ಎಂಬ ಆ ಲಿಪಿಯಲ್ಲೂ ಕಾಗುಣಿತವಿದೆ. ಪ್ರತಿ ವ್ಯಂಜನಕ್ಕೆ ಏಳು ರೂಪ, ಎಡದಿಂದ ಬಲಕ್ಕೆ ಬರೆಯುವುದು, ಮಕ್ಕಳು "ಲೆ ಲು ಲಿ ಲಾ" ಎಂದು ರಾಗವಾಗಿ ಒಪ್ಪಿಸುವುದು ಕೂಡ ಹಾಗೇ. ಅಲ್ಲಿಯ ಅಮ್ಹಾರಿಕ್ ಮಾತಿಗೆ ಈ ನಾಲ್ಕು ಸಾಕು: ಸೆಲಾಮ್ ನಮಸ್ಕಾರಕ್ಕೆ, ಅಮೆಸೆಗಿನಾಲೆಹು ಉಪಕಾರ ನೆನೆಯಲು, ಸಿಂತ್ ನೆವ್ ಬೆಲೆ ಕೇಳಲು, ಇಶಿ ಎಲ್ಲದಕ್ಕೂ ಸರಿ ಎನ್ನಲು. ವಯಸ್ಸಾದವರು ನಿಮ್ಮನ್ನು ತಡೆದು "ನಮಗೆ ಗಣಿತ ಹೇಳಿಕೊಟ್ಟಿದ್ದು ಇಂಡಿಯಾದ ಮೇಷ್ಟ್ರು" ಎಂದರೆ ಅದು ಬರೀ ಉಪಚಾರವಲ್ಲ. ಹೈಲೆ ಸೆಲಾಸಿ ಕಾಲದಿಂದ ಸಾವಿರಾರು ಭಾರತೀಯ ಶಿಕ್ಷಕರು ಅಲ್ಲಿಯ ಹಳ್ಳಿಹಳ್ಳಿಯ ಶಾಲೆಗಳಲ್ಲಿ ದುಡಿದಿದ್ದಾರೆ.

ನಮ್ಮ ಯಲ್ಲಾಪುರದ ಸಿದ್ದಿಗಳು ಅಲ್ಲಿಂದ ಬಂದವರೇ ಅಲ್ವಾ?

ಬಹುಮಟ್ಟಿಗೆ ಅಲ್ಲ. ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಪೂರ್ವಿಕರಲ್ಲಿ ಹೆಚ್ಚಿನವರು ಆಫ್ರಿಕಾದಲ್ಲೇ ಇನ್ನೂ ದಕ್ಷಿಣದ, ಬಂಟು ಭಾಷೆಗಳನ್ನಾಡುವ ನಾಡುಗಳವರು, ಪೋರ್ಚುಗೀಸರ ಹಡಗುಗಳಲ್ಲಿ ಗುಲಾಮರಾಗಿ ಗೋವೆಗೆ ಬಂದವರು. ಇಥಿಯೋಪಿಯಾದ ನೇರ ನಂಟಿರುವುದು ದಖ್ಖನಿನ ಸುಲ್ತಾನರ ಆಸ್ಥಾನದ ಹಬ್ಸಿಗಳಿಗೆ. ಹಬೆಶಾ ಎಂಬ ಅವರ ಹೆಸರೇ ನಮ್ಮ ಬಾಯಲ್ಲಿ ಹಬ್ಸಿಯಾಯಿತು. ಗುಲಾಮನಾಗಿ ಬಂದು ಅಹಮದ್‌ನಗರವನ್ನು ಆಳಿ ಮೊಘಲರ ನಿದ್ದೆಗೆಡಿಸಿದ ಮಲಿಕ್ ಅಂಬರ್ ಅಲ್ಲಿಯವನು. 17ನೇ ಶತಮಾನದಲ್ಲಿ ಬಿಜಾಪುರದ ಆದಿಲ್‌ಶಾಹಿಯ ಕೀಲಿಕೈ ಹಿಡಿದಿದ್ದ ಇಖ್ಲಾಸ್ ಖಾನನೂ ಹಬ್ಸಿಯೇ.

ಲಾಲಿಬೆಲಾದ ಕಲ್ಲಿನ ಚರ್ಚು ನೋಡದೆ ಬರೋದಾ?

ನೋಡದಿದ್ದರೆ ಹೊಟ್ಟೆ ಉರಿಯುವುದು ನಿಜ. ಅಜಂತಾ, ಎಲ್ಲೋರಾದಂತೆ ಬಂಡೆಯನ್ನೇ ಕೊರೆದು ಮಾಡಿದ ಹನ್ನೊಂದು ಚರ್ಚುಗಳವು. ಆದರೆ ಅವು ಇರುವುದು ಅಮ್ಹಾರಾ ಪ್ರಾಂತದಲ್ಲಿ. ಆ ವಾರದ ಪರಿಸ್ಥಿತಿ ತಿಳಿದುಕೊಂಡು, ಹೋಗುವುದೇ ಆದರೆ ವಿಮಾನದಲ್ಲಿ ಮಾತ್ರ ಹೋಗಿ. ಇಥಿಯೋಪಿಯನ್ ಏರ್‌ಲೈನ್ಸ್‌ನಲ್ಲೇ ಹೊರದೇಶದಿಂದ ಬಂದವರಿಗೆ ಒಳನಾಡಿನ ಟಿಕೆಟ್ಟಿನಲ್ಲಿ ರಿಯಾಯಿತಿ ಸಿಗುವುದುಂಟು, ಮೂಲ ಟಿಕೆಟ್ಟಿನ ಸಂಖ್ಯೆ ಇಟ್ಟುಕೊಂಡು ಕೇಳಿ.

ನಾನು ಹೋಗ್ತಿರೋದು ಬೇರೆ ದೇಶಕ್ಕೆ. ಅಡಿಸ್‌ನಲ್ಲಿ ಹತ್ತು ಗಂಟೆ ಕಾಯ್ಬೇಕು. ಹೊರಗೆ ಹೋಗಿ ಬರ್ಬಹುದಾ?

ವೀಸಾ ಇದ್ದರೆ ಹೋಗಬಹುದು. ಕಾಯುವ ಹೊತ್ತು ಉದ್ದವಿದ್ದರೆ ಕೆಲವು ಟಿಕೆಟ್ಟುಗಳಿಗೆ ವಿಮಾನ ಕಂಪನಿಯೇ ಹೋಟೆಲ್ ಕೊಡುತ್ತದೆ. ಟಿಕೆಟ್ ಕೊಳ್ಳುವಾಗಲೇ ಕೇಳಬೇಕು, ಇಳಿದ ಮೇಲೆ ಕೇಳಿದರೆ ಸರದಿಯಲ್ಲೇ ಅರ್ಧ ದಿನ. ಹಳದಿ ಜ್ವರದ ಪತ್ರ ಇಲ್ಲದಿದ್ದರೆ ಹೊರಗೆ ಕಾಲಿಡುವ ಆಸೆ ಬಿಡಿ. ಬೋಲೆ ನಿಲ್ದಾಣ ಊರೊಳಗೇ ಇದೆ. ಮರಳಿ ಬರಲು ಮೂರು ಗಂಟೆ ಎತ್ತಿಟ್ಟರೂ ದಿಂಕಿನೆಶ್‌ಳನ್ನು ನೋಡಿ, ಒಂದು ಬೆಯಾಯ್ನೆತು ಉಂಡು, ಕಾಫಿಯ ಎರಡು ಸುತ್ತು ಮುಗಿಸಬಹುದು. ಮೂರನೆಯ ಸುತ್ತಿಗೆ ಹೊತ್ತಿರುವುದಿಲ್ಲ, ವಿಮಾನ ಇದೆ ಎಂದು ಮೊದಲೇ ಹೇಳಿ ಕೂತುಕೊಳ್ಳಿ.